ಎತ್ತಿನ ಸುಳಿಯ ಫೋಟೋ

ಗುರಲಿಂಗಪ್ಪನ ಫೋಟೋ ಸ್ಟುಡಿಯೋಕ್ಕೆ ಕುತ್ತು ತಂದದ್ದು ಒಂದು ಇರುವೆ. ಪಾಪ, ಇರುವೆಗೆ ಏನೂ ಗೊತ್ತಿರಲಿಲ್ಲ. ಸಕ್ಕರೆಯ ಹರಳೊಂದನ್ನು ಕಚ್ಚಿಕೊಂಡು ಮೇಜಿನ ಮೇಲೆ ತನ್ನ ಪಾಡಿಗೆ ತಾನು ಹೊರಟಿತ್ತು. ಅದರ ಮುಖ ಹೇಗಿದ್ದೀತು ಎಂದು ನೋಡುವ ಹುಚ್ಚು ಹತ್ತಿದ್ದು ಗುರಲಿಂಗಪ್ಪನಿಗೆ. ಸಿಂದಗಿಯಲ್ಲಿ ಮನುಷ್ಯರ ಮುಖಗಳು ಬೇಕಾದಷ್ಟಿದ್ದವು, ಕಾಸು ಕೊಟ್ಟು ತೆಗೆಸಿಕೊಳ್ಳುವವರೂ ಇದ್ದರು. ಅವರನ್ನೆಲ್ಲ ಬಿಟ್ಟು ಇರುವೆಯ ಬೆನ್ನು ಹತ್ತಿದವನಿಗೆ ಏನಾಗಬೇಕೋ ಅದೇ ಆಯಿತು.

ಎಪ್ಪತ್ನಾಲ್ಕನೇ ಇಸವಿಯ ಮಾತು. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಪಕ್ಕ ಖಂಡೆಪ್ಪನ ಚಹಾದಂಗಡಿ, ಇನ್ನೊಂದು ಪಕ್ಕ ದಾವಲಮಲಿಕನ ಹೊಲಿಗೆ ಅಂಗಡಿ, ನಡುವೆ ಇವನ ಸ್ಟುಡಿಯೋ. ಮೂರೂ ಸಂಗಣ್ಣ ಸಾವಕಾರರ ಆಸ್ತಿ; ಅವರ ಮನೆ, ಹಿತ್ತಲು ಚಹಾದಂಗಡಿಗೆ ಹತ್ತಿಕೊಂಡೇ ಇದ್ದವು. ಸ್ಟುಡಿಯೋದ ಹಿಂದೆ ಒಂದು ಕತ್ತಲೆ ಕೋಣೆ, ಅದರ ಹಿಂದೆ ಒಂದು ಅಡುಗೆ ಕೋಣೆ. ಗಂಡ ಹೆಂಡತಿಯ ಸಂಸಾರವೂ ಅಲ್ಲೇ. ಕತ್ತಲೆ ಕೋಣೆಯ ಮೂಲೆಯಲ್ಲಿ ಸತ್ತ ಕ್ಯಾಮೆರಾಗಳ ಒಂದು ಗೋಣಿಚೀಲವಿತ್ತು. ಸೊಲ್ಲಾಪುರದ ಗುಜರಿಯಲ್ಲಿ ತೂಕದ ಮೇಲೆ ಕೊಂಡು ತಂದವು. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಕೂಡಿಸುತ್ತ ಕೂರುವುದು ಅವನ ಚಟ.

"ಮಂದಿ ಗಂಡಂದಿರು ಎಲಿ ಅಡಿಕಿ ತಿಂತಾರ, ನಮ್ಮವರು ಸ್ಕ್ರೂ ತಿಂತಾರ" ಎಂದು ಹೆಂಡತಿ ಸುಂದರವ್ವ ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು.

ಇರುವೆಯ ಮುಖ ತೆಗೆಯುವ ಯಂತ್ರ ಹುಟ್ಟಿದ್ದು ಆ ಚೀಲದಿಂದಲೇ. ಮಡಚುವ ಕ್ಯಾಮೆರಾ ಒಂದರಿಂದ ಹಾರ್ಮೋನಿಯಂ ತಿದಿಯಂಥ ಚರ್ಮದ ಗೂಡನ್ನು ಕಿತ್ತ. ಅದರ ಮಡಿಕೆಗಳಲ್ಲಿ ಬಿದ್ದ ತೂತುಗಳಿಗೆ ಹಳೆಯ ಛತ್ರಿಯ ಬಟ್ಟೆಯನ್ನು ಗೋದಿ ಹಿಟ್ಟಿನ ಅಂಟಿನಿಂದ ಮೆತ್ತಿದ. ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಬೇರೊಂದು ಕ್ಯಾಮೆರಾದ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿ ಮುಂದುಗಡೆ ಬಿಗಿದ. ಹಿಂದುಗಡೆಗೆ ಒಡೆದ ಸ್ಟುಡಿಯೋ ಕ್ಯಾಮೆರಾದ ಮಾಸಲು ಗಾಜು, ಫಿಲ್ಮ್ ಸೇರಿಸುವ ಚೌಕಟ್ಟು. ಹಿಂದೆ ಮುಂದೆ ಸರಿಯಲು ದಾವಲಮಲಿಕನ ಹಳೆಯ ಹೊಲಿಗೆ ಯಂತ್ರದ ಖಾನೆ ಜಾರುವ ಪಟ್ಟಿ. ಲೆನ್ಸು ಫಿಲ್ಮಿನಿಂದ ದೂರ ಹೋದಷ್ಟೂ ಸಣ್ಣದು ದೊಡ್ಡದಾಗುತ್ತಿತ್ತು. ಆದರೆ ತೆಗೆಯುವ ವಸ್ತುವಿನ ಮೂಗಿಗೆ ಮೂಗು ಹಚ್ಚುವಷ್ಟು ಹತ್ತಿರ ಹೋಗಬೇಕು, ಮತ್ತು ಬೆಳಕು ಎಷ್ಟಿದ್ದರೂ ಸಾಲದು.

ಇರುವೆ ಸಕ್ಕರೆ ಪಾಕದಲ್ಲಿ ಸಿಕ್ಕಿಬಿದ್ದು ಸತ್ತಿದ್ದರಿಂದ ಅಲ್ಲಾಡದೆ ಫೋಟೋ ತೆಗೆಸಿಕೊಂಡಿತು. ಊಟದ ತಾಟಿನಷ್ಟು ದೊಡ್ಡದಾಗಿ ಅಚ್ಚು ಹಾಕಿ ಗುರಲಿಂಗಪ್ಪ ಅದನ್ನು ಗಾಜಿನ ಕಪಾಟಿನಲ್ಲಿ ಮದುಮಗಳೊಬ್ಬಳ ಫೋಟೋ ತೆಗೆದು ಅದರ ಜಾಗದಲ್ಲಿ ನೇತುಹಾಕಿದ.

"ಇದೇನು, ಕ್ವಾಣಾ?" ಎಂದು ಖಂಡೆಪ್ಪ ಕೇಳಿದ.

"ಇರಬಿ."

"ಇರಬಿ ಇಷ್ಟ ಸಿಟ್ಟೀಲೆ ನೋಡ್ತೈತೇನು?"

ಮಾರನೆಯ ದಿನವೇ ಖಂಡೆಪ್ಪ ತಕರಾರು ತೆಗೆದ. ಬಸ್ಸಿನಿಂದ ಇಳಿದ ಗಿರಾಕಿಗಳು ಆ ಫೋಟೋ ನೋಡಿ, ಆಮೇಲೆ ಇವನ ಸಕ್ಕರೆ ಡಬ್ಬಿಯಲ್ಲಿ ಇಣುಕಿ ನೋಡಿ, ಚಹಾ ಬೇಡವೆಂದು ಹೋಗುತ್ತಿದ್ದರಂತೆ. ಏನೇ ಇರಲಿ, ಗುರಲಿಂಗಪ್ಪನ ಯಂತ್ರಕ್ಕೆ ಕಾಣದ್ದು ಏನೂ ಇಲ್ಲ ಎಂಬ ಮಾತು ಊರಲ್ಲಿ ಹಬ್ಬಿತು. ಹೊಗಳಿಕೆಯಿಂದ ಹಾಳಾದವರ ಪಟ್ಟಿಗೆ ಇನ್ನೊಬ್ಬ ಸೇರಿಕೊಂಡ.

ಇಷ್ಟರಲ್ಲಿ ಸಂಗಣ್ಣ ಸಾವಕಾರರು ಮಗಳು ಸಿದ್ದಲಿಂಗವ್ವನ ಮದುವೆ ಗೊತ್ತು ಮಾಡಹತ್ತಿದ್ದರು. ವರ ಬಸವನ ಬಾಗೇವಾಡಿಯ ಶ್ರೀಶೈಲಪ್ಪನವರ ಎರಡನೆಯ ಮಗ. ಸೊಲ್ಲಾಪುರದಲ್ಲಿ ರೇಡಿಯೋ ರಿಪೇರಿ ಕಲಿತು ಬಂದಿದ್ದ. ಹುಡುಗಿಯ ಫೋಟೋ ಬಾಗೇವಾಡಿಗೆ ಹೋಗಿತ್ತು, ಅಲ್ಲಿ ಎಲ್ಲರಿಗೂ ಮೆಚ್ಚಿಗೆಯಾಗಿತ್ತು. ಇನ್ನು ನೋಡುವ ಶಾಸ್ತ್ರವೊಂದು ಬಾಕಿ. ಅಳಿಯನಿಗೆ ಬಸ್ ಸ್ಟ್ಯಾಂಡಿನ ಎದುರಿಗೇ ರೇಡಿಯೋ ಅಂಗಡಿ ಹಾಕಿಕೊಡುವುದಾಗಿ ಸಾವಕಾರರು ಮಾತು ಕೊಟ್ಟಿದ್ದರು. ಖಂಡೆಪ್ಪನನ್ನು ಎಬ್ಬಿಸಿದರೆ ತಮಗೇ ಚಹಾ ಇಲ್ಲ. ದಾವಲಮಲಿಕನನ್ನು ಎಬ್ಬಿಸಿದರೆ ಮದುವೆಯ ಅಂಗಿ ಹೊಲಿಯುವವರಿಲ್ಲ. ಉಳಿದವನು ಗುರಲಿಂಗಪ್ಪ.

"ಬಸವ ಜಯಂತಿ ಆದ ಮ್ಯಾಲ ಅಂಗಡಿ ಖಾಲಿ ಮಾಡಿಬಿಡು" ಎಂದು ಹೇಳಿಬಿಟ್ಟಿದ್ದರು.

ಖಾಲಿ ಮಾಡಿ ಎಲ್ಲಿಗೆ ಹೋಗಬೇಕು? ಬೆಳಕಿಗೆಂದು ಮಾಳಿಗೆ ಕೊರೆದು ಗಾಜು ಕೂರಿಸಿದವನು ಅವನೇ. ಗೋಡೆಯ ಮೇಲೆ ನವಿಲು, ಕಾರಂಜಿ, ಎಲ್ಲಿಗೂ ಹೋಗದ ಮೆಟ್ಟಿಲು ಬರೆಸಿದವನೂ ಅವನೇ. ಅದನ್ನು ಗಂಟು ಕಟ್ಟಿಕೊಂಡು ಹೋಗಲು ಬರುತ್ತದೆಯೇ? ಸುಂದರವ್ವ ಒಂದು ವಾರದಿಂದ ಊಟ ಬಡಿಸುವಾಗ ಮಾತೇ ಆಡುತ್ತಿರಲಿಲ್ಲ. ಮಾತಾಡಿದರೆ ಒಂದೇ ಮಾತು: "ಅಂಗಡಿ ಉಳೀತೈತೇನ್ರಿ?"

ಹೀಗಿರುವಾಗ ಒಂದು ಮುಂಜಾನೆ ಮೊದಲ ಬಸ್ಸಿಗೆ ಶ್ರೀಶೈಲಪ್ಪ ಬಾಗೇವಾಡಿಯಿಂದ ಬಂದಿಳಿದರು. ಹುಡುಗಿ ನೋಡಲು ಅಲ್ಲ, ಎತ್ತು ನೋಡಲು. ಸಾವಕಾರರ ಹಿತ್ತಲಲ್ಲಿ ಮಾರಾಟಕ್ಕಿದ್ದ ಬಿಳಿಯ ಖಿಲಾರಿ ಎತ್ತಿನ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಬೀಗತನ ಬೇರೆ, ಎತ್ತಿನ ವ್ಯಾಪಾರ ಬೇರೆ. ಅವರು ಎತ್ತಿನ ಸುತ್ತ ಒಂದು ಸಲ ತಿರುಗಿದರು, ಹಲ್ಲು ನೋಡಿದರು, ಬಾಲ ಎತ್ತಿದರು. ಆಮೇಲೆ ಇಣಿಯ, ಅಂದರೆ ಹೆಗಲ ಮೇಲಿನ ಡುಬ್ಬದ, ಹಿಂದೆ ಬೆನ್ನ ಮೇಲೆ ಕೈಯಾಡಿಸಿ ಅಲ್ಲೇ ನಿಲ್ಲಿಸಿದರು.

"ಇಲ್ಲೊಂದು ಸುಳಿ ಐತಲ್ರಿ, ಬೀಗರ."

ನಮ್ಮ ಕಡೆ ಎತ್ತು ಕೊಳ್ಳುವವನು ಹಲ್ಲಿಗಿಂತ ಹೆಚ್ಚು ಸುಳಿ ನೋಡುತ್ತಾನೆ. ಕೂದಲು ಸುತ್ತಿಕೊಂಡು ಬೆಳೆದ ಸಣ್ಣ ಚಕ್ರ ಅದು. ಇರಬೇಕಾದಲ್ಲಿ ಇದ್ದರೆ ಮನೆಗೆ ಲಕ್ಷ್ಮಿ, ಇರಬಾರದ ಕಡೆ ಇದ್ದರೆ ಎತ್ತನ್ನು ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಇಣಿಯ ಹಿಂದೆ ಎಡಕ್ಕೆ ತಿರುಗಿದ ಸುಳಿಯಂತೂ ಕಟ್ಟಿದ ಮನೆಯನ್ನೇ ನುಂಗುತ್ತದೆ ಎಂದು ಹೆದರುತ್ತಾರೆ.

"ಸುಳಿ ಅಲ್ರಿ ಅದು. ಬಾರಕೋಲು ಬಿದ್ದು ಮಾಯ್ದ ಗುರ್ತು" ಎಂದರು ಸಂಗಣ್ಣ.

"ಎಡಕ್ಕ ತಿರುಗಿದಂಗ ಐತಲ್ರಿ."

"ಬಾರಕೋಲು ಎಡಕ್ಕ ಬಿದ್ದಿರಬೇಕು."

ಮಂದಿ ಕೂಡಿತು. ಖಂಡೆಪ್ಪ ಒಲೆಯ ಮೇಲಿನ ಪಾತ್ರೆ ಬಿಟ್ಟು ಬಂದ, ದಾವಲಮಲಿಕ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. ಬಂದವರೆಲ್ಲ ಎತ್ತಿನ ಬೆನ್ನಿಗೆ ಬೆರಳು ಹಚ್ಚಿ ನೋಡಿದರು. ಕೆಲವರು ಸುಳಿ ಅಂದರು, ಕೆಲವರು ಅಲ್ಲ ಅಂದರು, ಸಾವಕಾರರ ಮುಖ ನೋಡಿ ಕೆಲವರು ಎರಡೂ ಅಂದರು. ಬೆರಳುಗಳ ಹೊಡೆತಕ್ಕೆ ಕೂದಲು ಕೆದರಿ ಏನೂ ತಿಳಿಯದಂತಾಯಿತು. ಸಾವಕಾರರು ಮಾತಿನಲ್ಲಿ ಸಿಕ್ಕಿಬಿದ್ದಿದ್ದರು. ದೋಷದ ಎತ್ತು ಕಟ್ಟಿದ ಹಿತ್ತಲಿನಿಂದ ಹೆಣ್ಣು ತರುವುದೇ ಎಂದು ನಾಳೆ ಬೀಗರು ಅಂದುಬಿಟ್ಟರೆ? ಈಗ ಪ್ರಶ್ನೆ ಎತ್ತಿನದಾಗಿ ಉಳಿದಿರಲಿಲ್ಲ.

ಆಗ ದಾವಲಮಲಿಕ, ಒಳ್ಳೆಯ ಮನಸ್ಸಿನಿಂದಲೇ, ಬಾಯಿ ಬಿಟ್ಟ.

"ಗುರಲಿಂಗಪ್ಪನ ಯಂತ್ರಾ ತರಸ್ರಿ ಸಾವಕಾರ್ರ. ಇರಬಿ ಮೀಸಿ ತೋರಿಸಿದ್ದು ಎತ್ತಿನ ಸುಳಿ ತೋರಸೂದಿಲ್ಲೇನು?"

"ಅದಾತಂದ್ರ ನನಗೂ ಒಪ್ಪಿಗಿ ಐತಿ" ಎಂದರು ಶ್ರೀಶೈಲಪ್ಪ. "ನನ್ನ ಕಣ್ಣೂ ಮೊದಲಿನಂಗ ಇಲ್ಲ."

ಅಂಗಡಿ ತೆಗೆದು ಕಸ ಹೊಡೆಯುತ್ತಿದ್ದ ಗುರಲಿಂಗಪ್ಪನನ್ನು ಕೈ ಹಿಡಿದು ಎಳೆತಂದರು. ಸಾವಕಾರರು ಅವನನ್ನು ಮೇವಿನ ಬಣವೆಯ ಮರೆಗೆ ಕರೆದರು.

"ನೋಡು ಗುರಲಿಂಗಾ. ಸುಳಿ ಇಲ್ಲ ಅಂತ ಫೋಟೋ ಹೇಳಬೇಕು. ಹೇಳಿತು, ಅಂಗಡಿ ನಿನಗ. ಅಳಿಯಾಗ ನಾ ಬ್ಯಾರೆ ಜಾಗಾ ಹುಡುಕ್ತೇನಿ."

"ಸುಳಿ ಇದ್ರರಿ?"

"ಇದ್ರ ಇವತ್ತ ಗಂಟು ಕಟ್ಟು. ಬಸವ ಜಯಂತಿ ತನಕಾ ಕಾಯೂದು ಬ್ಯಾಡ."

ಗುರಲಿಂಗಪ್ಪ ಯಂತ್ರ ಹೊತ್ತು ತಂದ. ಎತ್ತಿನ ಬೆನ್ನಿನ ಎತ್ತರಕ್ಕೆ ಖಂಡೆಪ್ಪನ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಬಾಕಿನ ಮೇಲೆ ದಾವಲಮಲಿಕನ ಸ್ಟೂಲು, ಸ್ಟೂಲಿನ ಮೇಲೆ ಅದನ್ನು ಇಟ್ಟು, ತಾನೊಂದು ಒರಳಿನ ಮೇಲೆ ಹತ್ತಿ ಕರಿಯ ಬಟ್ಟೆ ಹೊದ್ದುಕೊಂಡು ಮಾಸಲು ಗಾಜಿನಲ್ಲಿ ನೋಡಿದ. ಸುಳಿ ಕಂಡಿತು. ಕಾಣುವಷ್ಟರಲ್ಲಿ ಮಾಯವಾಯಿತು. ನೊಣ ಕೂತರೆ ಎತ್ತು ಚರ್ಮ ನಡುಗಿಸುತ್ತದಲ್ಲ, ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ಗಾಜಿನೊಳಗೆ ಮಾತ್ರ ಭೂಮಿಯೇ ನಡುಗಿದಂತೆ ಆಗುತ್ತಿತ್ತು.

"ಎತ್ತಿಗೆ ಅಲ್ಲಾಡಬ್ಯಾಡ ಅಂತ ಹೇಳ್ರಿ" ಎಂದ ಬಟ್ಟೆಯೊಳಗಿನಿಂದ.

"ಸ್ಮೈಲ್ ಪ್ಲೀಜ್ ಅಂತ ನೀನ ಹೇಳು. ನಮಗ ಹೇಳ್ತಿಯಲ್ಲ" ಎಂದ ಖಂಡೆಪ್ಪ.

ಮೊದಲ ಫಿಲ್ಮು ಬಾಲದ ಏಟಿಗೆ ಹೋಯಿತು. ಎರಡನೆಯದಕ್ಕೆ ಹೊಂದಿಸುತ್ತಿರುವಾಗ ಎತ್ತು ಕೊರಳು ತಿರುಗಿಸಿ ಮೂಸಿತು. ಗೋದಿ ಹಿಟ್ಟಿನ ವಾಸನೆ ಬಂದಿರಬೇಕು. ನಾಲಿಗೆ ಚಾಚಿ ಒಂದೇ ನೆಕ್ಕಿಗೆ ಛತ್ರಿ ಬಟ್ಟೆಯ ತೇಪೆಯನ್ನು ಕಿತ್ತುಕೊಂಡು ಸಮಾಧಾನದಿಂದ ಅಗಿಯತೊಡಗಿತು. ಗೂಡಿನೊಳಗೆ ಬೆಳಕು ನುಗ್ಗಿ ಆ ಫಿಲ್ಮೂ ಹಾಳಾಯಿತು. ಫಿಲ್ಮಿಗೆ ಎಂಥ ಅಭಾವ ಇದ್ದ ಕಾಲ ಅದು! ಉಳಿದದ್ದು ಇನ್ನೊಂದೇ.

ದಾವಲಮಲಿಕ ಕರಿಯ ಕೋಟಿನ ಬಟ್ಟೆಯ ಚೂರು ತಂದು ತೂತು ಹೊಲಿದುಕೊಟ್ಟ. ಆದರೆ ಹಿತ್ತಲಲ್ಲಿ ಬೇವಿನ ಮರದ ನೆರಳು. ಎತ್ತು ಅಲ್ಲಾಡದೆ ಇರುವ ಒಂದು ಕ್ಷಣದಲ್ಲಿ ಕೆಲಸ ಮುಗಿಯಬೇಕಾದರೆ ಬೆಳಕು ಜೋರಾಗಿ ಬೀಳಬೇಕು. ಗುರಲಿಂಗಪ್ಪ ಓಡಿಹೋಗಿ, ಕತ್ತಲೆ ಕೋಣೆಯಲ್ಲಿ ಫೋಟೋ ದೊಡ್ಡದು ಮಾಡುವ ಯಂತ್ರದ ಹೊಟ್ಟೆಯಿಂದ ತಟ್ಟೆಯಂಥ ದಪ್ಪ ಗಾಜನ್ನು ಬಿಚ್ಚಿ ತಂದು ಖಂಡೆಪ್ಪನ ಕೈಗೆ ಕೊಟ್ಟ. ಎಲೆಗಳ ಸಂದಿಯಿಂದ ಬಿಸಿಲಿನ ಕೋಲೊಂದು ಬೀಳುತ್ತಿತ್ತು.

"ಈ ಗಾಜು ಬಿಸಲಿಗೆ ಹಿಡೀರಿ. ಬೆಳಕು ಸುಳಿ ಮ್ಯಾಲ ಬೀಳ್ಬೇಕು. ಅಗಲ ಬೀಳ್ಲಿ, ರೊಟ್ಟಿಯಷ್ಟು."

ಖಂಡೆಪ್ಪ ಹಿಡಿದ. ರೊಟ್ಟಿಯಷ್ಟು ಬೆಳಕು ಬಿತ್ತು. ಗಾಜನ್ನು ಸ್ವಲ್ಪ ಮೇಲೆತ್ತಿದರೆ ಬೆಳಕು ಸಣ್ಣದಾಗಿ, ಇನ್ನೂ ಝಗ್ಗೆಂದು ಹೊಳೆಯುವುದು ಅವನಿಗೆ ಗೊತ್ತಾಯಿತು. ಎಂದೂ ಯಾರೂ ಹೊಗಳದ ಖಂಡೆಪ್ಪನಿಗೆ, ಸಾವಕಾರರ ಎದುರಿಗೆ, ಇಷ್ಟು ಮಂದಿಯ ನಡುವೆ ತನ್ನ ಜಾಣತನ ತೋರಿಸಬೇಕೆನಿಸಿತು. ರೊಟ್ಟಿ ಹಪ್ಪಳವಾಯಿತು, ಹಪ್ಪಳ ನಾಕಾಣೆಯಾಯಿತು, ನಾಕಾಣೆ ಕಡಲೆ ಕಾಳಾಯಿತು.

ಗುರಲಿಂಗಪ್ಪ ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಅದೇ ಹೊತ್ತಿಗೆ ಕೂದಲು ಸುಟ್ಟ ವಾಸನೆ ಬಂತು.

ಎತ್ತು ನೆಗೆಯಿತು. ಸ್ಟೂಲು ಒಂದು ಕಡೆ, ಬಾಕು ಒಂದು ಕಡೆ, ಖಂಡೆಪ್ಪ ಸೆಗಣಿಯ ಗುಂಡಿಯಲ್ಲಿ. ಯಂತ್ರ ಮೂರು ತುಂಡಾಗಿ, ಬೂಟ್ ಪಾಲಿಶ್ ಮುಚ್ಚಳ ಲೆನ್ಸು ಸಮೇತ ಉರುಳಿ ಮೇವು ಹಾಕುವ ಗ್ವಾದಲಿಯ ಕೆಳಗೆ ಸೇರಿತು. ಫಿಲ್ಮಿನ ಚೌಕಟ್ಟನ್ನು ಮಾತ್ರ ಗುರಲಿಂಗಪ್ಪ ಎದೆಗೆ ಅವುಚಿಕೊಂಡಿದ್ದ. ಓಡಿಹೋದ ಎತ್ತನ್ನು ಹಿಡಿದು ತಂದು ನೋಡಿದರೆ ಇಣಿಯ ಹಿಂದೆ ಕರಕು ಬೊಟ್ಟು. ಸುಳಿಯೂ ಇಲ್ಲ, ಬಾರಕೋಲಿನ ಗುರುತೂ ಇಲ್ಲ.

"ಇನ್ನ ಫೋಟೋನ ಸಾಕ್ಷಿ" ಎಂದರು ಶ್ರೀಶೈಲಪ್ಪ. "ಸುಟ್ಟ ಜಾಗಾದಾಗ ಕೂದಲಾ ತಮಗ ಬೇಕಾದಂಗ ಬೆಳೀತಾವು. ಸಂಜಿ ಬಸ್ಸಿಗೆ ನಾ ಹೋಗಬೇಕು. ಅಷ್ಟರಾಗ ತೋರಿಸ್ರಿ."

ಗುರಲಿಂಗಪ್ಪ ಕತ್ತಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಫಿಲ್ಮನ್ನು ತೊಳೆದು ಕೆಂಪು ದೀಪಕ್ಕೆ ಹಿಡಿದ. ಏನು ಹೇಳೋಣ? ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ನಡುವೆ, ಎಡಕ್ಕೆ ತಿರುಗಿ, ಬೀಸುವ ಕಲ್ಲಿನ ಸುತ್ತ ಹಿಟ್ಟು ಬಿದ್ದ ಹಾಗೆ ದುಂಡಗೆ ಸುಳಿ. ಸುಳಿ ಅಲ್ಲ ಅನ್ನಲು ಕುರುಡನಿಗೂ ಸಾಧ್ಯವಿರಲಿಲ್ಲ.

ಬಾಗಿಲಾಚೆಯಿಂದ ಸುಂದರವ್ವನ ದನಿ ಬಂತು. "ಏನಾತ್ರಿ? ಅಂಗಡಿ ಉಳೀತೈತೇನ್ರಿ?"

"ನೋಡೂಣ ತಡಿ."

ಗುರಲಿಂಗಪ್ಪನ ಕೈಯಲ್ಲಿ ಒಂದು ವಿದ್ಯೆ ಇತ್ತು. ಮದುವೆಗೆ ಬಂದ ಹುಡುಗಿಯರ ಫೋಟೋ ತೆಗೆದ ಮೇಲೆ ಸೀಸಕಡ್ಡಿಯ ಮೊನೆಯಿಂದ, ಬ್ಲೇಡಿನ ತುದಿಯಿಂದ ಫಿಲ್ಮನ್ನು ತಿದ್ದುತ್ತಿದ್ದ. ಸಿಡುಬಿನ ಕಲೆ ಹೋಗುತ್ತಿತ್ತು, ಮಚ್ಚೆ ಹೋಗುತ್ತಿತ್ತು, ಉಬ್ಬಿದ ಹಲ್ಲು ಒಳಗೆ ಹೋಗುತ್ತಿತ್ತು. ಹೆಣ್ಣಿನವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಇವನೂ ಹೇಳುತ್ತಿರಲಿಲ್ಲ. "ಚಲೋ ಬರಬೇಕ್ರಿ" ಅಂದರೆ ಅರ್ಥವಾಗುತ್ತಿತ್ತು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಎಷ್ಟು ಸಂಸಾರಗಳು ಆ ಬ್ಲೇಡಿನ ತುದಿಯ ಮೇಲೆ ನಿಂತಿದ್ದವೋ.

ಅವನು ಕೆರೆಯಲು ಕೂತ. ಮಧ್ಯಾಹ್ನದ ರೊಟ್ಟಿ ತಣ್ಣಗಾಯಿತು. ಸುತ್ತಿಕೊಂಡ ಕೂದಲನ್ನು ಒಂದೊಂದಾಗಿ ನೆಟ್ಟಗೆ ಮಾಡಿದ. ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸವನ್ನು ಅವನು ಮಾಡಿರಲಿಲ್ಲ. ಕೆರೆಯುತ್ತ ಕೆರೆಯುತ್ತ ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಯಂತ್ರವೊಂದನ್ನು ತಿಂಗಳುಗಟ್ಟಲೆ ಕೂತು ತಾನೇ ಕಟ್ಟಿದ್ದ. ಅದು ತೋರಿಸಿದ್ದನ್ನು ತಾನೇ ಅಳಿಸುತ್ತಿದ್ದ. ಆದರೆ ಹೇಸಿಗೆಗೆ ಬಾಡಿಗೆಯ ಮನೆ ಯಾರೂ ಕೊಡುವುದಿಲ್ಲ. ಮೂಲ ಫಿಲ್ಮಿನಲ್ಲೇ ಸುಳಿ ಇಲ್ಲದಾದ ಮೇಲೆ, ಸೆಗಣಿ ಒರೆಸಿದ ದಪ್ಪ ಗಾಜನ್ನು ಮತ್ತೆ ಯಂತ್ರದ ಹೊಟ್ಟೆಗೆ ಸೇರಿಸಿ ಅಚ್ಚು ಹಾಕಿದ.

ಸಂಜೆ ಖಂಡೆಪ್ಪನ ಅಂಗಡಿಯ ಮುಂದೆ ಜನ ಸೇರಿದ್ದರು. ಸಂಗಣ್ಣ ಸಾವಕಾರರು ಫೋಟೋ ನೋಡಿ ಎದೆಯುಬ್ಬಿಸಿ ಬೀಗರ ಕೈಗೆ ಕೊಟ್ಟರು. ಶ್ರೀಶೈಲಪ್ಪ ಅದನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಖರೇ ಐತ್ರಿ. ಸುಳಿ ಇಲ್ಲ."

"ನಾ ಮುಂಜಾನೇನ ಹೇಳಿದ್ನಲ್ರಿ. ಎತ್ತು ಶುದ್ಧ ಐತಿ, ಮನಿ ಶುದ್ಧ ಐತಿ" ಎಂದು ಸಾವಕಾರರು ಗುರಲಿಂಗಪ್ಪನ ಕಡೆ ನೋಡಿ ತಲೆಯಾಡಿಸಿದರು. ಗುರಲಿಂಗಪ್ಪನಿಗೆ ಅಂಗಡಿಯ ಬೀಗದ ಕೈ ತನ್ನ ಉಡಿಗೆ ಬಿದ್ದಂತಾಯಿತು.

ಶ್ರೀಶೈಲಪ್ಪ ಚಹಾ ಮುಗಿಸಿ, ಬಾಯಿ ಒರೆಸಿಕೊಂಡು ಎದ್ದರು. "ಹಂಗಾರ ನಾ ಬರ್ತೇನ್ರಿ."

"ಎತ್ತು?"

"ಶುದ್ಧ ಎತ್ತು ತಗೊಂಡು ನಾ ಏನ ಮಾಡ್ಲಿ, ಬೀಗರ?"

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.

"ನಮ್ಮನ್ಯಾಗ ಒಂದು ಎತ್ತೈತಿ" ಎಂದರು ಶ್ರೀಶೈಲಪ್ಪ. "ಅದಕ್ಕೂ ಇಣಿ ಹಿಂದ ಎಡಸುಳಿ. ಅದರ ಜೋಡಿ ಎರಡು ವರ್ಷದ ಹಿಂದ ಬರದಾಗ ಸತ್ತುಹೋತು. ಸುಳಿ ಎತ್ತಿಗೆ ಸುಳಿ ಎತ್ತನ್ನ ಜೋಡಿ ಕಟ್ಟಬೇಕ್ರಿ, ಅಂದ್ರ ಎರಡರ ದೋಷಾನೂ ಕಳೀತೈತಿ. ಇಂಡಿ ಸಂತಿ ತಿರಗಿದೆ, ಮುದ್ದೇಬಿಹಾಳ ಸಂತಿ ತಿರಗಿದೆ. ಸುಳಿ ಎತ್ತು ಯಾರೂ ಸಂತಿಗೆ ತರೂದಿಲ್ಲ. ನಿಮ್ಮ ಎತ್ತಿಗೆ ಐತಿ ಅಂತ ಯಾರೋ ಅಂದ್ರು, ಅದಕ್ಕ ಬಂದಿದ್ದೆ."

"ಮತ್ತ ಮುಂಜಾನಿ ಸುಳಿ ಐತಿ, ಸುಳಿ ಐತಿ ಅಂತ ತಕರಾರು ಯಾಕ ತಗದ್ರಿ?"

"ತಕರಾರು ತಗೀಲಿಲ್ಲಂದ್ರ ನೀವು ರೇಟ್ ಇಳಸ್ತಿದ್ರೇನು?"

ಸಾವಕಾರರು ಬೀಗರಿಗೆ ಅಡ್ಡ ಬಂದು ನಿಂತರು. "ಐತ್ರಿ" ಎಂದರು. "ಸುಳಿ ಐತಿ. ಕರಾ ಇದ್ದಾಗಿಂದ ಐತಿ. ನಾನ ಕೈಯಾರೆ ಬೆಳಸೇನಿ, ನನಗ ಗೊತ್ತಿಲ್ಲೇನು?"

"ಫೋಟೋ ಇಲ್ಲ ಅಂತೈತಲ್ರಿ."

"ಗುರಲಿಂಗಾ, ಹೇಳೋ. ಐತಿ ಅಂತ ಹೇಳು."

ಗುರಲಿಂಗಪ್ಪ ಸಾವಕಾರರ ಮುಖ ನೋಡಿದ. ಮುಂಜಾನೆ ಇಲ್ಲ ಅಂದರೆ ಅಂಗಡಿ ಇತ್ತು, ಸಂಜೆ ಐತಿ ಅಂದರೆ ಅಂಗಡಿ ಇತ್ತು. ಈ ಸಲವಾದರೂ ಹೇಳಬೇಕಾದದ್ದು ಖರೆಯೇ ಆಗಿದ್ದರಿಂದ ಅವನಿಗೆ ಸ್ವಲ್ಪ ಧೈರ್ಯ ಬಂತು.

"ಐತ್ರಿ" ಎಂದ. "ಫಿಲ್ಮಿನ್ಯಾಗ ಚಂದಾಗಿ ಬಂದಿತ್ತು. ನಾನ ಬ್ಲೇಡ್ ತಗೊಂಡು ಕೆರದು ತಗದೇನಿ."

"ಕೇಳಿದ್ರೇನು ಬೀಗರ?" ಎಂದು ಸಾವಕಾರರು ಗೆದ್ದವರಂತೆ ಕೈಯಾಡಿಸಿದರು.

ಶ್ರೀಶೈಲಪ್ಪ ಮೆಲ್ಲಗೆ ಮತ್ತೆ ಬಾಕಿನ ಮೇಲೆ ಕೂತರು. "ಕೆರದ್ರ ಗೊತ್ತ ಆಗೂದಿಲ್ಲೇನ್ರಿ?"

"ಇಲ್ರಿ. ಭಾಳ ವರ್ಷದ ಕೈ."

"ತೆಗಿಯಾಕ ಬರಾವಂಗ ಹಾಕಾಕೂ ಬರ್ತೈತಿ. ಈಗ ನೀವು ಐತಿ ಅಂದ್ರ ನಾ ಹ್ಯಾಂಗ ನಂಬ್ಲಿ?" ಎಂದರು. ಆಮೇಲೆ ಏನೋ ಹೊಳೆದವರಂತೆ ಗುರಲಿಂಗಪ್ಪನನ್ನೇ ದಿಟ್ಟಿಸಿ ನೋಡಿದರು. "ಒಂದು ಮಾತು ಹೇಳ್ರಿ ಫೋಟೋದವ್ರ. ಸಿದ್ದಲಿಂಗವ್ವಂದು ಒಂದು ಫೋಟೋ ನಮ್ಮನಿಗೆ ಬಂದೈತಿ. ಅದನ್ನ ತಗದವರು ಯಾರು?"

ಸಾವಕಾರರ ಕೈ ಗಾಳಿಯಲ್ಲೇ ನಿಂತಿತು.

"ನಾನ್ರಿ" ಎಂದ ಗುರಲಿಂಗಪ್ಪ.

"ಅದರಾಗ ಏನೇನ ಕೆರದ್ರಿ?"

"ಏನೂ ಇಲ್ರಿ. ದೇವರಾಣಿ. ಆ ಒಂದ ಫೋಟೋಕ್ಕ ನಾ ಬ್ಲೇಡ್ ಮುಟ್ಟಿಸಿಲ್ಲ."

ಅದು ಅಪ್ಪಟ ನಿಜ. ಹುಡುಗಿಯ ಮುಖದಲ್ಲಿ ತಿದ್ದಲು ಏನೂ ಇರಲಿಲ್ಲ. ಇಷ್ಟು ವರ್ಷಗಳ ಕಸುಬಿನಲ್ಲಿ ಬಂದದ್ದು ಬಂದ ಹಾಗೆ ಅಚ್ಚು ಹಾಕಿಕೊಟ್ಟ ಒಂದೇ ಒಂದು ಮದುಮಗಳ ಫೋಟೋ ಅದು. ಗುರಲಿಂಗಪ್ಪ ಇದನ್ನೂ ಹೇಳಿದ. ಉಳಿದವರದೆಲ್ಲ ಕೆರೆದಿದ್ದೇನೆ, ಇದೊಂದನ್ನು ಮಾತ್ರ ಕೆರೆದಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಹೇಳಿದಷ್ಟೂ ಶ್ರೀಶೈಲಪ್ಪನವರ ಹುಬ್ಬು ಮೇಲೇರುತ್ತಿತ್ತು.

"ಎತ್ತಿಗೂ ಈಗಷ್ಟ ಹಿಂಗ ಅಂದಿದ್ರಿ, ಶುದ್ಧ ಐತಿ ಅಂತ" ಎಂದು ಅವರು ಸಾವಕಾರರ ಕಡೆ ತಿರುಗಿದರು. "ಹುಡಗಿ ನೋಡಾಕ ಬರೂದು ಯಾವಾಗ ಅಂತ ನಾ ಹೇಳಿ ಕಳಸ್ತೇನ್ರಿ."

"ಹುಡಗಿ ಒಳಗ ಅದಾಳ್ರಿ. ಈಗ ನೋಡ್ರಿ, ಈಗ ಕರೀತೇನಿ" ಎಂದರು ಸಾವಕಾರರು. ದನಿ ಸಾವಕಾರರದಾಗಿರಲಿಲ್ಲ, ಅಪ್ಪನದಾಗಿತ್ತು.

"ಬ್ಯಾಡ್ರಿ. ಮುಖ ಚಲೋ ಇದ್ದೀತು, ನಾ ಇಲ್ಲ ಅನ್ನೂದಿಲ್ಲ. ಆದ್ರ ಎತ್ತಿಗೆ ಇಷ್ಟ ಮಾಡಿದವ್ರು ಮಗಳಿಗೆ ಎಷ್ಟ ಮಾಡಿರಬೇಕು ಅನಸ್ತೈತಿ. ಆ ಅನುಮಾನ ನಮ್ಮನಿಗೆ ಬ್ಯಾಡ."

ಬಾಗೇವಾಡಿಯ ಬಸ್ಸು ಹಾರ್ನ್ ಹೊಡೆಯಿತು. ಅವರು ಹತ್ತಿ ಹೋದರು. ನಮ್ಮ ಕಡೆ ಹೇಳಿ ಕಳಿಸುತ್ತೇನೆ ಅಂದರೆ ಏನರ್ಥ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಆ ಹುಡುಗಿಗೂ ಗೊತ್ತಿತ್ತು.

ಸಾವಕಾರರು ಬಹಳ ಹೊತ್ತು ಬಸ್ಸು ಹೋದ ದಾರಿಯನ್ನೇ ನೋಡುತ್ತಿದ್ದರು. ಗುರಲಿಂಗಪ್ಪ ಒದೆ ಬೀಳುತ್ತದೆ ಎಂದು ಕಾದ. ಒದೆ ಬೀಳಲಿಲ್ಲ.

"ಅಂಗಡಿ ನೀನ ಇಟ್ಕೋ" ಎಂದರು ಅವರು. "ಅಳಿಯಾನ ಇಲ್ಲ ಅಂದಮ್ಯಾಲ ನನಗ್ಯಾಕ ಅದು." ಹಿತ್ತಲಿನ ಕಡೆ ನಡೆದರು.

ಹೋದ ಮೇಲೆ ಖಂಡೆಪ್ಪ ಸೆಗಣಿ ಮೆತ್ತಿದ ಧೋತರ ಎತ್ತಿ ಕಟ್ಟಿಕೊಂಡು ಹತ್ತಿರ ಬಂದ.

"ನನ್ನ ಸೊಸಿ ಗಲ್ಲ ಫೋಟೋದಾಗ ಬೆಣ್ಣಿ ಇದ್ದಂಗಿತ್ತು. ಮನಿಗೆ ಬಂದ ಮ್ಯಾಲ ನೋಡಿದ್ರ ತುಂಬ ಸಿಡಬಿನ ಕಲಿ. ಕೇಳಿದ್ರ ಬೀಗರು, ಬಸ್ಸಿನ ಧೂಳು ತಾಗಿ ಹಂಗಾಗ್ಯಾವು ಅಂದ್ರು. ನಾನೂ ನಂಬಿದೆ. ಅದು ನಿನ್ನ ಕೆಲಸೇನು?"

ಗುರಲಿಂಗಪ್ಪ ಹೌದೆಂದು ತಲೆಯಾಡಿಸಿದ.

ಖಂಡೆಪ್ಪನದಾದರೂ ಮೋಸಹೋದವನ ಸಿಟ್ಟು. ದಾವಲಮಲಿಕನ ಸಿಟ್ಟು ಬೇರೆ. "ನನ್ನ ತಂಗಿ ನಜಮಾನ ಫೋಟೋದಾಗ ಮೆಳ್ಳಗಣ್ಣು ನೆಟ್ಟಗ ಮಾಡಿ ಕೊಟ್ಟಿದ್ದಿ. ನಿನ್ನ ಉಪಕಾರ ನಾ ಮರತಿಲ್ಲ. ಆದ್ರ ಅದನ್ನ ಬಸ್ ಸ್ಟ್ಯಾಂಡಿನ್ಯಾಗ ನಿಂತು ಡಂಗುರಾ ಹೊಡಿಬೇಕಾಗಿತ್ತೇನು? ನಾಳೆ ಇಂಡಿಯಿಂದ ಅಕಿ ಅತ್ತಿಮನಿಯವರು ಬಂದು ಕೇಳಿದ್ರ ನಾ ಏನ ಹೇಳ್ಲಿ?"

ಅಂಥವರೇ ಹೆಚ್ಚು ಇದ್ದರು. ಅಳಿಸಿದ್ದಕ್ಕೆ ಸಿಟ್ಟಾದವರು ಕಡಿಮೆ, ಅಳಿಸಿದ್ದನ್ನು ಹೇಳಿದ್ದಕ್ಕೆ ಸಿಟ್ಟಾದವರು ಊರು ತುಂಬ. ಮರುದಿನ ಮಗಳ ಫೋಟೋ ತೆಗೆಸಲು ಬರಬೇಕಿದ್ದವನೊಬ್ಬ ಅಲ್ಲೇ ನಿಂತಿದ್ದ. "ನಾವು ವಿಜಾಪುರದಾಗ ತಗಸ್ತೇವ್ರಿ" ಎಂದ. "ನಿಮ್ಮ ಫೋಟೋ ಅಂದ್ರ ಇನ್ನ ಯಾರೂ ನಂಬೂದಿಲ್ಲ. ಅಲ್ಲಿಯವ್ರು ಕೆರೀತಾರೋ ಇಲ್ಲೋ, ಯಾರಿಗೆ ಗೊತ್ತೈತಿ." ಅವನ ಮಾತಿಗೆ ಉಳಿದವರೂ ಹೌದು ಹೌದು ಎಂದು ತಮ್ಮ ತಮ್ಮ ದಾರಿ ಹಿಡಿದರು.

ಗುರಲಿಂಗಪ್ಪ ಒಳಗೆ ಬಂದ. ಸುಂದರವ್ವ ದೀಪ ಹಚ್ಚಿ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ನೋಡಿಯೇ ಪ್ರಶ್ನೆ ಗೊತ್ತಾಗುತ್ತಿತ್ತು.

"ಅಂಗಡಿ ಉಳೀತೇನ್ರಿ?"

"ಉಳೀತು."

"ಖರೇನ? ಸಾವಕಾರ್ರ ಬಾಯಿಲೇ ಅಂದ್ರೇನು?"

"ಅವರ ಬಾಯಿಲೇ ಅಂದ್ರು."

ಒಂದು ವಾರದಿಂದ ನಗದವಳು ನಕ್ಕಳು. ಅಡುಗೆ ಕೋಣೆಗೆ ಹೋಗಿ ಬೆಲ್ಲದ ಚೂರು ತಂದು ಅವನ ಬಾಯಿಗೆ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ನಸುಕಿನ್ಯಾಗ ಎಬ್ಬಸ್ತೇನಿ. ಗಿರಾಕಿ ಬರೂದ್ರಾಗ ಕಸಾ ಹೊಡದು, ನೀರು ಹಾಕಿ, ಬಾಗಲಾ ತಗದಿರಬೇಕು" ಎಂದಳು.

ಗುರಲಿಂಗಪ್ಪ ಬೆಲ್ಲ ನುಂಗಿದ.

"ಅವಸರಿಲ್ಲ" ಎಂದ. "ನಿಧಾನಕ್ಕ ಏಳೂಣು."